ಹತ್ತು ನಿಮಿಷಕ್ಕೊಂದು ಸಾಲು

ಬ್ಯಾಡಗಿ, ಮೋಟೆಬೆನ್ನೂರ ರಸ್ತೆ,
ಮೆಣಸಿನಕಾಯಿ ಕೋಲ್ಡ್ ಸ್ಟೋರೇಜು, ಮೂರನೇ ಕೋಣಿ.
ಊಟದ ಡಬ್ಬಿಯೊಳಗ ನಾನು ಕೂಡಿಸಿದ್ದು
ಅಂಗೈ ಅಗಲದ ಒಂದು ಬೋರ್ಡು,
ತಂಪು ತೇವ ಮೂಸುವ ಬಿಳೀ ಸೆನ್ಸರು,
ಗಡಿಯಾರದ ಚಿಪ್ಪು, ಅದಕ್ಕ ಗುಂಡಿಯಂಥ ಸೆಲ್ಲು,
ಉಗುರಿನಷ್ಟು ಮೆಮರಿ ಕಾರ್ಡು.

ಮುರಿಗೆಪ್ಪ ಸಾವಕಾರರು ತಿರುವಿ ತಿರುವಿ ನೋಡಿದರು:
"ಇಷ್ಟಕ್ಕ ನಾಕ ಸಾವಿರೇನೋ ಹಜರೇಸಾಬ?"
"ಇದು ನಿದ್ದಿ ಮಾಡೂದಿಲ್ಲರಿ," ಅಂದೆ,
"ವಾಚ್‌ಮನ್ ಮಾಡತಾನಲ್ಲ."
ನಕ್ಕು, ಎರಡು ಕೊಟ್ಟರು. ಉಳಿದದ್ದು ಲೆಕ್ಕ ಬಂದ ಮ್ಯಾಲೆ.

ಮೊದಲನೇ ವಾರ ಕಾರ್ಡು ಬರೆದದ್ದೆಲ್ಲ
ಇಸವಿ ಎರಡು ಸಾವಿರ, ಜನೇವರಿ ಒಂದು.
ಸೆಲ್ಲು ಸತ್ತಿತ್ತು.
ಆ ದಿನ ನಾನು ಮೂರನೇ ಇಯತ್ತೆ,
ಇಷ್ಟೇನೂ ಥಂಡಿ ಇರಲಿಲ್ಲ.

ಎರಡನೇ ವಾರ ಫೈಲು ಮುಚ್ಚೂದು ಮರೆತೆ.
ಕರೆಂಟು ಹೋತು. ಏಳು ದಿನ ನೀರಾಗ ಬರೆದಂಗಾತು.
ಆವಾಗ ಕಲಿತೆ:
ತೆರೀಬೇಕು, ಒಂದು ಸಾಲು ಬರೀಬೇಕು, ಮುಚ್ಚಬೇಕು.
ಪ್ರತಿ ಸಾರಿ.
ಗುಮಾಸ್ತ ಖಾತೆ ಮುಚ್ಚಿ ಅದರ ಮ್ಯಾಲೆ ಕನ್ನಡಕ ಇಡುವಂಗ.

ಮೂರನೇ ವಾರ ಎಲ್ಲ ಬಂತು.
ನಿಮಿಷಕ್ಕೊಂದರಂಗ ಹತ್ತು ಸಾವಿರದ ಎಂಬತ್ತು ಸಾಲು.
ಆರು ಡಿಗ್ರಿ, ಆರು, ಆರೂ ಕಾಲು, ಆರು,
ಕೂರಿಗಿ ಹೊಡೆದಂಗ ನೆಟ್ಟಗ.
ಆದರ ದಿನಾ ಮಧ್ಯಾಹ್ನ ಎರಡೂ ಹತ್ತಕ್ಕ
ಒಂದು ದಿಬ್ಬ ಏಳತಿತ್ತು,
ಒಂಬತ್ತರ ತನಕ ಹತ್ತಿ
ನಾಕ ನಿಮಿಷದಾಗ ಇಳಿದು ಸುಮ್ಮನಾಗತಿತ್ತು.
ಐತವಾರ ಮಾತ್ರ ಇಲ್ಲ.

ಬಾಗಿಲದ ರಬ್ಬರು ಹರದಿರಬೇಕು ಅಂದುಕೊಂಡೆ.
ರಬ್ಬರಿಗೆ ಐತವಾರ ಗೊತ್ತೇನು?

ಸೋಮವಾರ ಸ್ವೆಟರು ಹಾಕ್ಕೊಂಡು ಡಬ್ಬಿ ಮುಂದ ಕುಂತೆ.
ಬಾಗಿಲು ಸರೀತು. ಬಿಸಿಲಿನ ಹಲಗಿಯೊಂದು ಒಳಗ ಬಿತ್ತು.
ಅದರ ಹಿಂದ ಹೆಂಗಸರು, ಹತ್ತ ಹನ್ನೆರಡು ಮಂದಿ,
ಮುಂಜಾನಿಂದ ಮೆಣಸಿನಕಾಯಿ ತುಂಬು ಬಿಡಿಸಿದವರು.
ಮಾತಿಲ್ಲ.
ಎರಡೂ ಅಂಗೈ ಮ್ಯಾಲೆ ಮಾಡಿ ಚಾಚಿ ನಿಂತರು,
ಯಾರೋ ಏನೋ ಕೊಡಾಕ ಬರತಾರ ಅನ್ನುವಂಗ.
ಗಿಡ್ಡವ್ವ ಕಬ್ಬಿಣದ ಕಂಬಕ್ಕ ಕೈ ಒತ್ತಿ ಕಣ್ಣು ಮುಚ್ಚಿದಳು.
ಬೀಬಿಜಾನ ನನ್ನ ನೋಡಿದಳು, ಕೈ ಇಳಿಸಲಿಲ್ಲ.
"ಮಜ್ಜಿಗಿ ಹಚ್ಚಿದ್ರೂ ಉರಿ ಹೋಗೂದಿಲ್ಲಪ್ಪ," ಅಂದಳು,
"ರಾತ್ರಿ ಮೊಮ್ಮಗನ ಮಾರಿ ಮುಟ್ಟಾಕ ಬರೂದಿಲ್ಲ."
ಮೂಲ್ಯಾಗ ಒಬ್ಬಾಕಿ ಎಣಸತಿದ್ದಳು.
ನೂರಾ ಇಪ್ಪತ್ತು ಆದಕೂಡಲೆ
ಬಾಗಿಲು ತಾವ ಎಳದು, ಒತ್ತಿ ನೋಡಿ, ಹೋದರು.

ತೆರೀಬೇಕು, ಮುಚ್ಚಬೇಕು.
ನನಗಿಂತ ಮೊದಲ ಕಲಿತಿದ್ದರು.

ಮಗ್ಗಲದಾಗ ಡಬ್ಬಿ ಮಿಣ್ಣಗ ಹಸರ ದೀಪ ಹಾಕಿ
ಬರಕೊಂತು: ಎಂಟು. ಒಂಬತ್ತು.

ಅಂಗಡ್ಯಾಗ ಅವತ್ತ ರಾತ್ರಿ ಕಾರ್ಡು ತೆಗದು ಕುಂತೆ.
ಸುಳ್ಳು ಹೊಳೀಲಿಲ್ಲ ಅಂತಲ್ಲ.
ದಿನಕ್ಕ ನಾಕ ಸಾಲು ಅಳಿಸಿದರ ಮುಗೀತು;
ಅಳಿಸಿದ ಜಾಗ ಮಾತ್ರ ಕಿತ್ತ ಹಲ್ಲಿನಂಗ ಕಾಣತೈತಿ.
ಕಡೀಕ ಒಂದ ಅಂಕಿ ಬದಲು ಮಾಡಿದೆ:
ಅರವತ್ತು ಸೆಕೆಂಡು ಇದ್ದದ್ದು ಆರುನೂರು.
ಎರಡೂ ಐದಕ್ಕ ಒಮ್ಮೆ ಕಣ್ಣು ತೆರೀತೈತಿ,
ಎರಡೂ ಹದಿನೈದಕ್ಕ ಒಮ್ಮೆ.
ನಡುವ ಅದು ನಿದ್ದಿ ಮಾಡತೈತಿ,
ವಾಚ್‌ಮನ್‌ನಂಗ.

"ಕಾರ್ಡಿಗೆ ಆಯುಷ್ಯ ಬರತೈತ್ರಿ," ಅಂದೆ ಸಾವಕಾರರಿಗೆ.
ಅದೂ ಖರೇನ.
ಅವರು ಬಟ್ಟು ಜಾರಿಸಿ ನೋಡಿದರು: ಆರು, ಆರು, ಆರು.
ಉಳಿದ ಎರಡು ಸಾವಿರ ಉಗುಳು ಹಚ್ಚಿ ಎಣಿಸಿ ಕೊಟ್ಟರು.
ನೋಟೂ ಘಾಟು ಹೊಡೀತಿದ್ದವು,
ಕೈ ತೊಳೆಯೂತನಕ ಕಣ್ಣು ಮುಟ್ಟಿಕೊಳ್ಳಲಿಲ್ಲ.

ಈ ಅಗ್ಗದ ಗಡಿಯಾರದ ಚಿಪ್ಪಿನ ಚಾಳಿ ಒಂದೈತಿ:
ತಿಂಗಳಿಗೆ ಎರಡು ನಿಮಿಷ ಮುಂದ ಓಡತೈತಿ.
ಹಂಗ ಬಿಟ್ಟರ ಒಂದಿನ ಸರಿಯಾಗಿ
ಆ ಚಾಚಿದ ಕೈಗಳ ಮ್ಯಾಲೆ ಕಣ್ಣು ತೆರೀತೈತಿ.
ಅದಕ್ಕ ತಿಂಗಳಿಗೊಮ್ಮೆ ಸೈಕಲ್ ತಗೊಂಡು ಹೋಗಿ
ವ್ಯಾಳ್ಯಾ ಸರಿ ಮಾಡಿ ಬರತೀನಿ,
ಯಾರೂ ಕರೀದಿದ್ರೂ.